ಹುಳು ತುಳಿಯದ ಕಾಲು

ಕೆಂಪರಾಜನ ಮೊಣಕಾಲು ನೆಟ್ಟಗಿದ್ದ ದಿನಗಳಲ್ಲಿ ಅವನು ಮೈದಾನದ ಎಡಗೆರೆ ಹಿಡಿದು ಓಡಿದನೆಂದರೆ ಅವನ ನೆರಳಿಗೆ ಏದುಸಿರು ಬರುತ್ತಿತ್ತು. ಇದು ಸುಳ್ಳಲ್ಲ, ದೊಡ್ಡಬೆಳವಂಗಲ ಹೋಬಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಒಂದು ಸಲ ಹೈಸ್ಕೂಲಿನ ಮೈದಾನದಲ್ಲಿ ಅವನು ಚೆಂಡನ್ನು ಒದ್ದು, ಆ ಚೆಂಡು ಗೋಲು ಸೇರುವ ಮೊದಲೇ ತಾನು ಓಡಿಹೋಗಿ ಗೋಲಿನೊಳಗೆ ನಿಂತು, ಬಾರಪ್ಪ ಬಾ ಎಂದು ಚೆಂಡನ್ನು ಬರಮಾಡಿಕೊಂಡನಂತೆ. ಅವತ್ತು ನೋಡಿದವರು ಹದಿನೆಂಟು ಜನ. ನಾನೂ ಇದ್ದೆ ಎನ್ನುವವರು ಈಗ ನಾನೂರು ಜನ ಇದ್ದಾರೆ.

ಆ ಓಟ ನೋಡಿಯೇ ಬೆಂಗಳೂರಿನ ಹಲಸೂರು ರೋವರ್ಸ್ ಎನ್ನುವ ಕ್ಲಬ್ಬಿನವರು ಅವನನ್ನು ಹತ್ತೊಂಬತ್ತನೇ ವಯಸ್ಸಿಗೆ ಕರೆದುಕೊಂಡು ಹೋದರು, ಸಂಬಳ ಕೊಟ್ಟು ಆಡಿಸಿದರು. ಚೆಂಡು ಒದೆಯುವುದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದನ್ನು ನಂಬುವುದಕ್ಕೆ ಊರಿಗೆ ಎರಡು ವರ್ಷ ಹಿಡಿಯಿತು. ಊರು ನಂಬುವಷ್ಟರಲ್ಲಿ ಮೊಣಕಾಲು ಹೋಯಿತು.

ಯಾರೂ ಅವನನ್ನು ಮುಟ್ಟಿರಲಿಲ್ಲ. ಓಡುತ್ತಿದ್ದವನು ಗಕ್ಕನೆ ತಿರುಗಿದ, ಬಲ ಮೊಣಕಾಲಿನೊಳಗೆ ಒಣ ಜಾಲಿಕಟ್ಟಿಗೆ ಮುರಿದಂತೆ ಸದ್ದಾಯಿತು. ಆ ಸದ್ದು ಬೆಂಗಳೂರಿನಿಂದ ನೆಲಮಂಗಲದ ಹತ್ತಿರದ ಅರಿಶಿನಕುಂಟೆಯವರೆಗೂ ಕೇಳಿಸಿ, ಹೈವೇಯಲ್ಲಿ ಲಾರಿಯವನೊಬ್ಬ ತನ್ನ ಟೈರು ಸಿಡಿಯಿತೆಂದು ಇಳಿದು ನೋಡಿದ ಎನ್ನುತ್ತಾರೆ. ಆಪರೇಷನ್ ಆಯಿತು, ಒಂದು ವರ್ಷ ಹೋಯಿತು. ವಾಪಸ್ಸು ಬಂದು ಆರು ಮ್ಯಾಚು ಆಡಿದ, ತೊಡೆಯ ಹಿಂದಿನ ಸ್ನಾಯು ಹರಿಯಿತು. ಅದು ಕೂಡಿಕೊಂಡಿತು, ಗೋಲ್‌ಕೀಪರ್ ಮೇಲೆ ಬಿದ್ದು ಹೆಗಲ ಮೂಳೆ ಮುರಿಯಿತು. ನಾಲ್ಕನೆಯದಂತೂ ಹೇಳಿಕೊಳ್ಳುವುದಕ್ಕೂ ನಾಚಿಕೆ. ಎರಡು ಗೋಲು ಹೊಡೆದು, ಹೊರಗೆ ನಿಂತಿದ್ದ ಜನಕ್ಕೆ ಕೈ ಬೀಸುತ್ತಾ ಬಸ್ ಹತ್ತಲು ಹೋದ. ಮೆಟ್ಟಿಲು ಇದೆ ಎಂದುಕೊಂಡ ಜಾಗದಲ್ಲಿ ಮೆಟ್ಟಿಲು ಇರಲಿಲ್ಲ. ಎಡಗಾಲಿನ ಹರಡು ಉಳುಕಿ ಕುಂಬಳಕಾಯಿಯಂತೆ ಊದಿಕೊಂಡಿತು.

ಹೀಗೆ ಒಂಬತ್ತು ವರ್ಷದಲ್ಲಿ ಅವನು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತದ್ದೇ ಹೆಚ್ಚು. ಊರಿಗೆ ಬಂದರೆ ಜನ ಅವನ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದರು. ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಪಕ್ಕದ ಮನೆಯ ಗೋಪಾಲಪ್ಪನಂತೂ ಫೋನ್ ಮಾಡಿದಾಗಲೂ, ಕಾಲು ಹೆಂಗದಪ್ಪಾ ಎಂದು ಕಾಲಿನ ಯೋಗಕ್ಷೇಮ ಪೂರ್ತಿ ಮುಗಿಸಿ, ಆಮೇಲೆ ನೀನು ಹೆಂಗಿದೀಯಾ ಎಂದು ಕೇಳುತ್ತಿದ್ದ.

ರೋವರ್ಸ್ ತಂಡದ ಕೋಚ್ ಗೋವಿಂದರಾಜು ಹೊಸಕೋಟೆ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಅವರ ತಾಳ್ಮೆಗೂ ಒಂದು ಕೊನೆ ಇತ್ತು. ಹರಡು ಊದಿಕೊಂಡ ಮಾರನೇ ದಿನ ಕೆಂಪರಾಜನನ್ನು ಎದುರಿಗೆ ಕೂರಿಸಿಕೊಂಡರು.

"ನೋಡಪ್ಪಾ ಕೆಂಪ, ಮೂರು ತಿಂಗಳು ಟೈಮ್ ಕೊಡ್ತೀನಿ. ಸೀಸನ್ ಶುರುವಾಗೋ ಮುಂಚೆ ನಿಮ್ಮ ದೊಡ್ಡಬಳ್ಳಾಪುರದಲ್ಲೇ ಒಂದು ಮ್ಯಾಚ್ ಇಟ್ಕೊಂಡಿದೀವಿ. ತೊಂಬತ್ತು ನಿಮಿಷ ಪೂರ್ತಿ ಆಡ್ಬೇಕು. ಆಮೇಲೆ ನಿನ್ನ ಕಾಲಲ್ಲೇ ನಡ್ಕೊಂಡ್ ಬಂದು ಬಸ್ ಹತ್ಬೇಕು. ಹತ್ತಿದ್ರೆ ಇನ್ನೊಂದು ವರ್ಷದ ಕಾಂಟ್ರ್ಯಾಕ್ಟು. ಇಲ್ಲಾಂದ್ರೆ ನಾನೇ ಹಾರ ಹಾಕಿ ಕಳಿಸ್ಕೊಡ್ತೀನಿ."

ಇಪ್ಪತ್ತೆಂಟು ವರ್ಷದ ಕೆಂಪರಾಜನಿಗೆ ಆ ಹಾರದ ಚೆಂಡುಹೂವಿನ ವಾಸನೆ ಅಲ್ಲೇ ಮೂಗಿಗೆ ಬಡಿಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಊರಿನ ಬಸ್ ಹತ್ತಿದ. ಈ ಸಲ ಮೆಟ್ಟಿಲು ನೋಡಿಕೊಂಡೇ ಹತ್ತಿದ.

ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿಗೆ ಹೋಗುವವರು. ಬೆಳಗ್ಗೆ ವ್ಯಾನು ಬಂದು ಕರೆದುಕೊಂಡು ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಅಜ್ಜಿ ಅಮ್ಮಯಮ್ಮ ಮತ್ತು ಅವಳ ಮೂವತ್ತು ಸಾವಿರ ರೇಷ್ಮೆ ಹುಳುಗಳು. ಹಿತ್ತಲಿನ ಹುಳು ಮನೆಗೆ ಅಮ್ಮಯಮ್ಮನೇ ರಾಜ, ಮಂತ್ರಿ, ಪೊಲೀಸು. ಊರಿನವರೆಲ್ಲ ಕಬ್ಬಿಣದ ಸ್ಟ್ಯಾಂಡು ಹಾಕಿಸಿಕೊಂಡರೂ ಅವಳು ಮಾತ್ರ ಹುಳು ಸಾಕುವ ಹಳೇ ಬಿದಿರು ತಟ್ಟೆ ಬಿಟ್ಟಿರಲಿಲ್ಲ. ಬಾಗಿಲ ಹೊರಗೆ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಡ್ರಮ್ಮು ಒಂದು ಸದಾ ತುಂಬಿರುತ್ತಿತ್ತು. ಹೊರಗಿನ ಧೂಳಿನಿಂದ ಹುಳುಗಳಿಗೆ ರೋಗ ಅಂಟುತ್ತದೆ ಎಂದು ಅವಳು ಬುಟ್ಟಿ, ಚೀಲ, ಕುಡುಗೋಲು, ಕೊನೆಗೆ ಕರೆಂಟ್ ಬಿಲ್ ಕೊಡಲು ಬಂದವನ ಕೈಯನ್ನೂ ಅದರಲ್ಲಿ ಅದ್ದಿಸುತ್ತಿದ್ದಳು.

ಕೆಂಪರಾಜ ಮನೆಗೆ ಬಂದು ಮೊದಲು ಮಾಡಿದ್ದು ಹರಡಿಗೆ ನೋವಿನ ಸ್ಪ್ರೇ ಹೊಡೆದದ್ದು. ಅಜ್ಜಿ ಮೂರು ಕೋಣೆ ಆಚೆಯಿಂದ ಆ ಘಾಟು ಹಿಡಿದು, ಪೊರಕೆ ಎತ್ತಿಕೊಂಡು ಬಂದಳು. ಹುಳುಗಳಿಗೆ ಘಾಟು ಆಗುವುದಿಲ್ಲ. ಒಗ್ಗರಣೆ ಹಾಕಿದರೂ ಕಿಟಕಿ ಮುಚ್ಚುವ ಮನೆ ಅದು. ಸ್ಪ್ರೇ, ಮುಲಾಮು, ಪಟ್ಟಿ ಎಲ್ಲವೂ ಗೋಪಾಲಪ್ಪನ ಮನೆಗೆ ಗಡೀಪಾರಾದವು. ಬರಿಗಾಲಲ್ಲಿ ಕೂತ ಮೊಮ್ಮಗನಿಗೆ, ಸುಮ್ಮನೆ ಕೂತರೆ ಕಾಲಿಗೆ ಜಂಗು ಹಿಡಿಯುತ್ತದೆ, ಬಂದು ಹುಳುಗಳಿಗೆ ಸೊಪ್ಪು ಹಾಕು ಎಂದಳು ಅಜ್ಜಿ.

ಮೊದಲ ದಿನ ಅವನು ಹುಳು ಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ಒಳಗಿನ ಮಬ್ಬಿನಿಂದ ಅಜ್ಜಿಯ ದನಿ ಬಂತು.

"ಯಾವನ್ಲಾ ಅದು, ಸಂತೆಗೆ ಹೊಂಟಂಗೆ ನಡೀತಿರೋನು?"

ಕಸ ತೆಗೆಯಲು ತಟ್ಟೆಗಳನ್ನು ನೆಲಕ್ಕಿಳಿಸಿದ್ದಳು. ತಟ್ಟೆಗೂ ತಟ್ಟೆಗೂ ನಡುವೆ ಒಂದು ಗೇಣು ಜಾಗ, ಆ ಗೇಣಿನಲ್ಲೂ ಅಲ್ಲಲ್ಲಿ ಉದುರಿದ ಹುಳುಗಳು. ಕೆಂಪರಾಜನ ಪಾದವೋ ಹನ್ನೊಂದನೇ ನಂಬರಿನದು. ಊರಿನ ಚಪ್ಪಲಿ ಅಂಗಡಿಯಲ್ಲಿ ಅವನ ಅಳತೆಗೆ ಏನೂ ಸಿಗುತ್ತಿರಲಿಲ್ಲ. ಅವತ್ತು ಅವನು ಹೊರಗೆ ಬರುವಷ್ಟರಲ್ಲಿ ಅಜ್ಜಿ ಒಂದು ಹಿಪ್ಪುನೇರಳೆ ಎಲೆಯ ಮೇಲೆ ಏಳು ಹುಳುಗಳನ್ನು ಸಾಲಾಗಿ ಮಲಗಿಸಿ, ಅವನ ಮೂಗಿನ ಕೆಳಗೆ ಹಿಡಿದು, ಏಳು ಜನ ಹೋದ್ರು ಎಂದಳು. ಅಷ್ಟೇ ಹೇಳಿದ್ದು. ಮಧ್ಯಾಹ್ನ ಅವನಿಗೆ ಮುದ್ದೆ ಇಳಿಯಲಿಲ್ಲ.

ಮಾರನೇ ದಿನ ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಿಂತು ನಡೆಯುವುದನ್ನು ಹೇಳಿಕೊಟ್ಟಳು. ಎಪ್ಪತ್ತೆರಡು ವರ್ಷದ ಹೆಂಗಸು ತಟ್ಟೆಗಳ ನಡುವೆ ಹೋಗುತ್ತಿದ್ದರೆ ಗಾಳಿಗೂ ಗೊತ್ತಾಗುತ್ತಿರಲಿಲ್ಲ.

"ಇಡೋ ಮುಂಚೆ ನೋಡು. ಇಟ್ಮೇಲೆ ಭಾರ ಬಿಡು. ಎತ್ತಿದ ಕಾಲು ಎಲ್ಲಿಡ್ಬೇಕು ಅಂತ ಗೊತ್ತಾಗೋಗಂಟ ಗಾಳೀಲೇ ಮಡಿಕ್ಕೊ. ಅದ್ಕೇನು ಅವಸರ, ನಿನ್ ಕಾಲ್ನ ಯಾರೂ ಕಿತ್ಕೊಂಡೋಗಲ್ಲ."

ಒಂದು ವಾರ ಅವನು ಒಂದು ಕಾಲನ್ನು ಗಾಳಿಯಲ್ಲಿ ಹಿಡಿದು ನಡುಗುತ್ತಾ ನಿಂತ. ಎರಡನೇ ವಾರ ನಡುಕ ನಿಂತಿತು. ಮೊದಲ ಬೆಳೆ ಮುಗಿದು ಎರಡನೇ ಬೆಳೆಗೆ ಬರುವಷ್ಟರಲ್ಲಿ, ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು, ಒಂಟಿ ಕಾಲಲ್ಲಿ ನಿಂತು, ಬಗ್ಗಿ ನೆಲದ ಹುಳುವನ್ನು ಎತ್ತಿ ತಟ್ಟೆಗೆ ಹಾಕಿ, ಮತ್ತೆ ನೆಟ್ಟಗಾಗುತ್ತಿದ್ದ. ಹುಳುಗಳಿಗೂ ಅವನ ಪಾದದ ಗುರುತು ಸಿಕ್ಕಿ, ಅವನು ಬಂದರೆ ತಾವೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು ಎಂದು ಗೋಪಾಲಪ್ಪ ಹೇಳುತ್ತಾನೆ. ಇದು ಸ್ವಲ್ಪ ಜಾಸ್ತಿಯಾಯಿತು.

ಕ್ಲಬ್ಬಿನ ಫಿಸಿಯೋ ಬಿಂದುಶ್ರೀ ನೆಲಮಂಗಲದವಳು. ಮೂರು ವರ್ಷದಿಂದ ಕೆಂಪರಾಜನ ಕೈಕಾಲಿಗೆ ಅವಳು ಸುತ್ತಿದ ಟೇಪನ್ನು ಬಿಚ್ಚಿ ಎಳೆದರೆ ಶಿವಗಂಗೆ ಬೆಟ್ಟಕ್ಕೆ ಎರಡು ಸುತ್ತು ಬರುತ್ತಿತ್ತು. ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ ವ್ಯಾಯಾಮ ನೋಡುತ್ತಿದ್ದಳು. ಒಂದು ದಿನ, ಅಲ್ಲಿ ಮಳೆ ಜೋರಾ ಎಂದು ಕೇಳಿದಳು. ಮಳೆಯಲ್ಲ, ಹುಳುಗಳು ಸೊಪ್ಪು ತಿನ್ನುವ ಸದ್ದು ಎಂದು ಅವನು ಫೋನನ್ನು ಗೋಡೆಗೊರಗಿಸಿಟ್ಟು ತನ್ನ ಕೆಲಸ ಮಾಡಿ ತೋರಿಸಿದ. ಬಿಂದುಶ್ರೀ ಪೂರ್ತಿ ನೋಡಿದಳು. ತಾನು ಹೇಳಿಕೊಟ್ಟ ವ್ಯಾಯಾಮವನ್ನೆಲ್ಲ ಬಿಟ್ಟುಬಿಡು, ಅಜ್ಜಿ ಹೇಳಿದ್ದನ್ನೇ ಮಾಡು ಎಂದು ಫೋನ್ ಇಟ್ಟಳು.

ಕಾಲು ಗಟ್ಟಿಯಾಯಿತು, ಆದರೆ ಮನಸ್ಸು ಹೆದರುತ್ತಿತ್ತು. ಊರಿನ ಮೈದಾನದಲ್ಲಿ ಓಡಲು ಹೋದರೆ ಹಳೆಯ ವೇಗ ಇಲ್ಲ. ಇನ್ನೂ ಜೋರಾಗಿ ಓಡಲು ಹೋದರೆ ಆ ಜಾಲಿಕಟ್ಟಿಗೆಯ ಸದ್ದು ಕಿವಿಯೊಳಗೆ ಬರುತ್ತಿತ್ತು. ಓಟವೇ ಇಲ್ಲದ ಮೇಲೆ ತಾನು ಯಾವ ಆಟಗಾರ ಎಂದು ಒಂದು ದಿನ ಹುಳು ಮನೆಯ ಬಾಗಿಲಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. ಒಳಗೆ ಮೂರನೇ ಬೆಳೆಯ ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿ ಕಲ್ಲಿನಂತೆ ನಿಂತಿದ್ದವು. ಇದನ್ನು ಅಲ್ಲಿಯವರು ಹುಳುವಿಗೆ ಜ್ವರ ಬಂತು ಎನ್ನುತ್ತಾರೆ. ಹುಳು ಬೆಳೆಯುವಷ್ಟರಲ್ಲಿ ಹೀಗೆ ನಾಲ್ಕು ಸಲ ಜ್ವರ ಬಂದು, ಪ್ರತಿ ಸಲವೂ ಹಳೆಯ ಚರ್ಮ ಬಿಟ್ಟು ಏಳುತ್ತದೆ.

ಅಜ್ಜಿ ಪಕ್ಕದಲ್ಲಿ ಬಂದು ಕೂತು ಬೆರಳು ಮಡಿಸಿದಳು. ಮಂಡಿ ಒಂದು, ತೊಡೆ ಎರಡು, ಹೆಗಲು ಮೂರು, ಹರಡು ನಾಲ್ಕು.

"ನಿಂಗೂ ನಾಕು ಜ್ವರ ಆಯ್ತಲ್ಲ ಕಣ್ಲಾ," ಎಂದಳು. "ಐದ್ನೇದು ಇರಾಕಿಲ್ಲ. ಇನ್ನು ಗೂಡು ಕಟ್ಟೋದೊಂದೇ ಬಾಕಿ."

ಅವತ್ತಿನಿಂದ ಕೆಂಪರಾಜ ಓಟ ಅಳೆಯುವುದನ್ನು ಬಿಟ್ಟು, ಮೈದಾನದಲ್ಲಿ ಚೆಂಡಿನ ಜೊತೆ ನಡೆಯುವುದಕ್ಕೆ ಶುರು ಮಾಡಿದ.

ಮ್ಯಾಚಿನ ದಿನ ಬಂತು. ಬೆಳಗ್ಗೆ ಹತ್ತಕ್ಕೆ ಆಟ. ಆರು ಗಂಟೆಗೆ ಹುಳು ಮನೆಯಿಂದ ಅಜ್ಜಿ ಕರೆದಳು. ತಟ್ಟೆಯ ಅಂಚಿನಲ್ಲಿ ಒಂದು ಹುಳು ಮೈಯೆಲ್ಲ ಹೊಂಬಣ್ಣವಾಗಿ, ದೀಪ ಹಿಡಿದರೆ ಆಚೆ ಕಾಣುವಷ್ಟು ತಿಳಿಯಾಗಿ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಹುಳು ಹಣ್ಣಾಗಿತ್ತು. ಒಂದು ಹಣ್ಣಾಯಿತೆಂದರೆ ಮಧ್ಯಾಹ್ನದೊಳಗೆ ಮೂವತ್ತು ಸಾವಿರವೂ ಹಣ್ಣಾಗುತ್ತವೆ. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ಸಿಕ್ಕಲ್ಲೇ ನೂಲು ಕಕ್ಕಿ ಎಲ್ಲ ಹಾಳು. ಎಣಿಸಿದ್ದಕ್ಕಿಂತ ಎರಡು ದಿನ ಮುಂಚೆಯೇ ಹಣ್ಣಾಗತೊಡಗಿದ್ದವು. ಲೆಕ್ಕದಲ್ಲಿ ಎಂದೂ ತಪ್ಪದ ಅಮ್ಮಯಮ್ಮ ತಪ್ಪಿದ್ದಳು.

ಕೆಂಪರಾಜ ಹೋಗುವುದೋ ಬೇಡವೋ ಎಂದು ನಿಂತ. ಅಜ್ಜಿ ಅವನ ಬ್ಯಾಗನ್ನು ತಂದು ಹೆಗಲಿಗೆ ಸಿಕ್ಕಿಸಿ, ಊರಿನ ಹೆಂಗಸರನ್ನೆಲ್ಲ ಕೆಲಸಕ್ಕೆ ಕರೆದಿದ್ದೇನೆ, ನೀನು ಆಡಿ ಮುಗಿದ ತಕ್ಷಣ ಬಂದುಬಿಡು ಎಂದು ಬಾಗಿಲಾಚೆ ತಳ್ಳಿದಳು. ನಿನ್ನ ಶೂನೂ ತೊಳೆದಿಟ್ಟಿದೀನಿ ಎಂದು ಹಿಂದಿನಿಂದ ಕೂಗಿ ಹೇಳಿದಳು. ಗೋಪಾಲಪ್ಪನ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಊರಿನ ಗಂಡಸರು ಆಗಲೇ ತುಂಬಿಕೊಂಡಿದ್ದರು. ಅಜ್ಜಿಯ ಆ ಮಾತು ಟ್ರ್ಯಾಕ್ಟರಿನ ಸದ್ದಿನಲ್ಲಿ ಹೋಯಿತು.

ದೊಡ್ಡಬಳ್ಳಾಪುರದ ಮೈದಾನದಲ್ಲಿ ಬ್ಯಾಗು ತೆಗೆದಾಗ ಕೆಂಪರಾಜನಿಗೆ ಖುಷಿಯೋ ಖುಷಿ. ಕೆಮ್ಮಣ್ಣು ಮೆತ್ತಿದ್ದ ಶೂಗಳು ಹಾಲಿನ ಹಾಗೆ ಬೆಳ್ಳಗಿದ್ದವು. ಅಜ್ಜಿಗೆ ಮುತ್ತು ಕೊಡಬೇಕು ಅನ್ನಿಸಿತು. ಹುಳು ಮನೆಯ ಬಾಗಿಲ ಮೊಳೆಯಲ್ಲಿ ನೇತಾಡುತ್ತಿದ್ದ ಆ ಶೂಗೆ ಬೇರೆ ಬೇರೆ ಊರಿನ ಮಣ್ಣು ಅಂಟಿದೆ ಎಂದು ಅಜ್ಜಿ ಅದನ್ನು ಎರಡು ದಿನ ಬ್ಲೀಚಿಂಗ್ ಡ್ರಮ್ಮಿನಲ್ಲಿ ಮುಳುಗಿಸಿ, ನೀರೊಲೆಯ ಬಿಸಿ ಬೂದಿಯ ಪಕ್ಕ ಒಣಗಿಸಿ, ಮೇಲೆ ಸುಣ್ಣದ ಪುಡಿ ಉದುರಿಸಿದ್ದು ಅವನಿಗೆ ಗೊತ್ತಿರಲಿಲ್ಲ.

ಆಟ ಶುರುವಾಯಿತು. ಎದುರಿನದು ಬೆಂಗಳೂರಿನ ಇನ್ನೊಂದು ಕ್ಲಬ್ಬು. ಅವರ ಹಿಂದಿನ ಸಾಲಿನಲ್ಲಿ ತೆಂಗಿನ ಮರದಂಥ ಹುಡುಗನೊಬ್ಬ ಇದ್ದ. ಅವನು ಬಗ್ಗಿದರೆ ಮಾತ್ರ ನಮ್ಮವರಿಗೆ ಅವನ ಮುಖ ಕಾಣುತ್ತಿತ್ತು. ಹದಿನೈದು ನಿಮಿಷದಲ್ಲಿ ಅವರು ಒಂದು ಗೋಲು ಹೊಡೆದರು. ಹದಿನೇಳನೇ ನಿಮಿಷದಲ್ಲಿ ಕೆಂಪರಾಜನಿಗೆ ಚೆಂಡು ಸಿಕ್ಕಿತು. ಎಡಗೆರೆಯಲ್ಲಿ ನಾಲ್ಕು ಹೆಜ್ಜೆ ಓಡಿದ. ಐದನೇ ಹೆಜ್ಜೆಗೆ ಎಡಗಾಲು ಚಟ್ ಎಂದಿತು. ಕಾಲು ಎಳೆದುಕೊಂಡು ಕುಂಟಿದ.

ಟ್ರೈಲರಿನ ಮೇಲೆ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ಕೂತುಬಿಟ್ಟರು. ಗೋಪಾಲಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡ. ಒಂಬತ್ತು ವರ್ಷದಿಂದ ಈ ಕುಂಟುವಿಕೆಯನ್ನು ನೋಡಿ ನೋಡಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಬಿಂದುಶ್ರೀ ಪೆಟ್ಟಿಗೆ ಹಿಡಿದು ಓಡಿದಳು. ಗೋವಿಂದರಾಜು ಬದಲಿ ಆಟಗಾರನಿಗೆ ಮೈ ಬಿಸಿ ಮಾಡಿಕೋ ಎಂದು ಕೈ ಮಾಡಿ, ತಾವು ಗೆರೆಯ ಹತ್ತಿರ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಸಾಕು ಬಾರಪ್ಪ ಕೆಂಪ," ಎಂದರು. "ಆಯ್ತು."

"ಸಾರ್, ಕಾಲಲ್ಲ ಸಾರ್. ಶೂ."

"ಪ್ರತಿ ಸಲಾನೂ ಏನೋ ಒಂದು ಹೇಳ್ತೀಯ."

ಕೆಂಪರಾಜ ಕಾಲು ಎತ್ತಿ ತೋರಿಸಿದ. ಶೂವಿನ ಅಟ್ಟೆ ಬಾಯಾರಿದ ನಾಯಿಯ ನಾಲಿಗೆಯಂತೆ ಜೋತಾಡುತ್ತಿತ್ತು. ಅವನು ಬಲಗಾಲು ಎತ್ತಿದಾಗ ಆ ಅಟ್ಟೆಯೂ ಅಲ್ಲೇ ಕಳಚಿ ನೆಲಕ್ಕೆ ಬಿತ್ತು. ಬ್ಲೀಚಿಂಗಿನ ಘಾಟು ಗುಪ್ಪೆಂದು ಎದ್ದಿತು. ಕೋಚು ಮೂಗು ಹಿಡಿದುಕೊಂಡರು, ಕೆಂಪರಾಜ ಮಾತ್ರ ಹಣೆ ಚಚ್ಚಿಕೊಂಡ. ಆ ಘಾಟನ್ನು ಅವನು ಹುಟ್ಟಿದಾಗಿನಿಂದ ಬಲ್ಲ.

ಬೇರೆಯವರ ಶೂ ಹಾಕಿಕೊಳ್ಳೋಣ ಎಂದರೆ ತಂಡದಲ್ಲಿ ಎಲ್ಲರದೂ ಎಂಟು, ಒಂಬತ್ತು. ಇವನ ಹನ್ನೊಂದನೇ ನಂಬರಿನ ಪಾದ ಅದರೊಳಗೆ ಅರ್ಧವೂ ಇಳಿಯದು. ಬರಿಗಾಲಲ್ಲಿ ಆಡಲು ರೆಫರಿ ಬಿಡುವುದಿಲ್ಲ. ಬದಲಿ ಹುಡುಗ ಜಾಕೆಟ್ಟು ಬಿಚ್ಚಿ ಗೆರೆಯ ಮೇಲೆ ನಿಂತಿದ್ದ. ಆಗ ಬಿಂದುಶ್ರೀ ಮಂಡಿಯೂರಿ ಕೂತು, ಕಾಲು ಕೊಡು ಎಂದಳು. ಮೂರು ವರ್ಷದಿಂದ ಅವನ ಮಂಡಿಗೆ, ತೊಡೆಗೆ, ಹೆಗಲಿಗೆ ಸುತ್ತಿದ ಅದೇ ಬಿಳಿ ಟೇಪನ್ನು ಮೊದಲ ಸಲ ಅವನ ಶೂವಿಗೆ ಸುತ್ತಿದಳು. ಎರಡು ಸುರುಳಿ ಪೂರ್ತಿ ಖಾಲಿಯಾಯಿತು. ಅಟ್ಟೆ ನಿಂತಿತು, ಆದರೆ ನೆಲ ಕಚ್ಚುವ ಸ್ಟಡ್ಡುಗಳೆಲ್ಲ ಟೇಪಿನೊಳಗೆ ಮುಚ್ಚಿಹೋದವು. ಓಡಬೇಡ, ಓಡಿದರೆ ಎಣ್ಣೆ ಮೇಲೆ ಕಾಲಿಟ್ಟ ಹಾಗೆ ಜಾರುತ್ತೀಯ ಎಂದಳು.

ಗೋವಿಂದರಾಜು ಗಡಿಯಾರ ನೋಡಿದರು, ಆಕಾಶ ನೋಡಿದರು. ನಿನ್ನ ಹಣೆಬರಹ, ಹೋಗು ಎಂದರು.

ಒಳಗೆ ಹೋದ ಕೆಂಪರಾಜ ಮೊದಲ ಹೆಜ್ಜೆಗೇ ಜಾರಿದ. ಎರಡನೆಯದಕ್ಕೂ ಜಾರಿದ. ಎದುರು ತಂಡದವರು ನಗಲು ಶುರು ಮಾಡಿದರು. ಮಂಡಿಯೊಳಗೆ ಹಳೆಯ ಭಯ ಎದ್ದು ಕೂತಿತು. ಇನ್ನೂ ಎಪ್ಪತ್ತು ನಿಮಿಷ ಇತ್ತು. ಅವನು ಒಂದು ಕ್ಷಣ ನಿಂತು ನೆಲ ನೋಡಿದ. ಕೆಂಪು ನೆಲದ ತುಂಬ ಬಿದಿರು ತಟ್ಟೆಗಳನ್ನು ಹರಡಿದ್ದಾರೆ, ಸಂದಿಯಲ್ಲೆಲ್ಲ ಹುಳುಗಳಿವೆ ಎಂದುಕೊಂಡ. ಇಡೋ ಮುಂಚೆ ನೋಡಿದ. ಇಟ್ಟ ಮೇಲೆ ಭಾರ ಬಿಟ್ಟ.

ಆಮೇಲೆ ನಡೆದದ್ದನ್ನು ಫುಟ್‌ಬಾಲ್ ಎಂದು ಕರೆಯಬೇಕೋ ಬೇಡವೋ ಎಂದು ಇವತ್ತಿಗೂ ಊರಿನಲ್ಲಿ ಜಗಳ ಇದೆ. ಇಪ್ಪತ್ತೊಂದು ಜನ ಮೈದಾನದಲ್ಲಿ ಬೆವರು ಸುರಿಸಿ ಓಡುತ್ತಿದ್ದರೆ ಒಬ್ಬ ಮಾತ್ರ ದೇವರ ಮನೆಗೆ ಹೋಗುವವನ ಹಾಗೆ ನಡೆಯುತ್ತಿದ್ದ. ಚೆಂಡು ಬಂದರೆ ಕಾಲಡಿಯಲ್ಲಿ ನಿಲ್ಲಿಸುತ್ತಿದ್ದ, ನೋಡುತ್ತಿದ್ದ, ಎಲ್ಲಿ ಸಂದಿ ಇದೆಯೋ ಅಲ್ಲಿಗೆ ತಳ್ಳುತ್ತಿದ್ದ. ಹಿಂದೆ ಓಡುವಾಗ ಅವನಿಗೆ ಗೆರೆಯೊಂದು ಬಿಟ್ಟು ಬೇರೇನೂ ಕಂಡಿರಲಿಲ್ಲ. ಈಗ ಇಡೀ ಮೈದಾನ ಕಾಣುತ್ತಿತ್ತು. ಅವನ ಮೇಲೆ ನುಗ್ಗಿ ಬಂದವರೆಲ್ಲ ಅವನು ಇರುತ್ತಾನೆ ಎಂದುಕೊಂಡ ಜಾಗಕ್ಕೆ ಹೋಗಿ ಅಲ್ಲಿ ಯಾರೂ ಇಲ್ಲದೆ ಮುಗ್ಗರಿಸುತ್ತಿದ್ದರು. ಅರವತ್ತನೇ ನಿಮಿಷದಲ್ಲಿ ಅವನು ತಳ್ಳಿದ ಚೆಂಡನ್ನೇ ಇನ್ನೊಬ್ಬ ಹುಡುಗ ಗೋಲಿಗೆ ಹೊಡೆದ. ಒಂದಕ್ಕೊಂದು ಸಮ ಆಯಿತು. ಟ್ರೈಲರಿನ ಗಂಡಸರು ಮತ್ತೆ ಎದ್ದು ನಿಂತರು.

ಎಂಬತ್ತೆಂಟನೇ ನಿಮಿಷ. ಚೆಂಡು ಕೆಂಪರಾಜನ ಹತ್ತಿರ ಬಂತು. ಎದುರಿಗೆ ತೆಂಗಿನ ಮರ. ಆ ಹುಡುಗನಿಗೆ ಬೆಳಗ್ಗೆಯಿಂದ ಸಾಕಾಗಿತ್ತು. ದೂರದಿಂದಲೇ ನೆಲಕ್ಕೆ ಬಿದ್ದು, ಎರಡೂ ಕಾಲು ಚಾಚಿ, ಧೂಳೆಬ್ಬಿಸುತ್ತಾ ಜಾರಿ ಬಂದ. ಕೆಂಪರಾಜನ ಕಿವಿಯಲ್ಲಿ ಜಾಲಿಕಟ್ಟಿಗೆ ಮುರಿಯಲು ತಯಾರಾಗಿತ್ತು. ಹಳೆಯ ಕೆಂಪರಾಜನಾಗಿದ್ದರೆ ಓಡುತ್ತಿದ್ದ, ಆ ಕಾಲುಗಳು ಅವನನ್ನು ಹಿಡಿಯುತ್ತಿದ್ದವು, ಐದನೇ ಜ್ವರ ಬರುತ್ತಿತ್ತು.

ಅವನು ಎಡಗಾಲಿನ ತುದಿಯಿಂದ ಚೆಂಡನ್ನು ಇಷ್ಟೇ ಇಷ್ಟು ಮುಟ್ಟಿ, ಆ ಕಾಲನ್ನು ಎತ್ತಿ ಗಾಳಿಯಲ್ಲಿ ಹಿಡಿದ. ಎಲ್ಲಿಡಬೇಕು ಎಂದು ಗೊತ್ತಾಗುವ ತನಕ ಇಡಲಿಲ್ಲ. ಆಪರೇಷನ್ ಆದ ಬಲ ಮೊಣಕಾಲು ಅವನ ಇಡೀ ಭಾರ ಹೊತ್ತು, ಅಲ್ಲಾಡದೆ ನಿಂತಿತು. ತೆಂಗಿನ ಮರ ಒಂದು ಗೇಣು ಅಂತರದಲ್ಲಿ ಪಕ್ಕದಿಂದ ಜಾರಿಕೊಂಡು ಹೋಗಿ, ಗೆರೆ ದಾಟಿ, ಟೀ ಕ್ಯಾನಿನವನ ಹತ್ತಿರ ಹೋಗಿ ನಿಂತ. ಚೆಂಡನ್ನು ಹಿಡಿಯಲು ಗೋಲ್‌ಕೀಪರ್ ಒಂದು ಕಡೆ ಹಾರಿದ. ಚೆಂಡು ಇನ್ನೊಂದು ಕಡೆಯಿಂದ ಉರುಳಿತು.

ಎಷ್ಟು ನಿಧಾನವಾಗಿ ಉರುಳಿತು ಎಂದರೆ, ಗೋಪಾಲಪ್ಪ ಟೀ ತೆಗೆದುಕೊಂಡು, ಊದಿ ಕುಡಿದು, ಲೋಟ ವಾಪಸ್ಸು ಕೊಟ್ಟು ತಿರುಗಿ ನೋಡಿದಾಗಲೂ ಚೆಂಡು ದಾರಿಯಲ್ಲೇ ಇತ್ತಂತೆ. ಗೋಲಿನ ಗೆರೆಯ ಮೇಲೆ ಒಮ್ಮೆ ನಿಂತು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿ, ಊರಿನವರೆಲ್ಲ ಒಟ್ಟಿಗೆ ಉಸಿರು ಬಿಟ್ಟ ಗಾಳಿಗೆ ಒಳಗೆ ಹೋಯಿತು.

ಎರಡು ನಿಮಿಷ ಆದ ಮೇಲೆ ಸೀಟಿ ಬಿತ್ತು. ತೊಂಬತ್ತು ನಿಮಿಷ ಮುಗಿದಿತ್ತು. ಗೋವಿಂದರಾಜು ಕಾಂಟ್ರ್ಯಾಕ್ಟಿನ ಕಾಗದ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತು, ಕೆಂಪರಾಜ ನಡೆದು ಬರುವುದನ್ನು ಕಾಯುತ್ತಿದ್ದರು. ಅವನು ನಡೆದು ಬಂದ, ಚೆನ್ನಾಗಿಯೇ ನಡೆದು ಬಂದ. ಬಸ್ಸಿನ ಹತ್ತಿರ ಬಂದವನು ಆಕಾಶದ ಸೂರ್ಯನನ್ನು ಒಮ್ಮೆ ನೋಡಿ, ಗಾಬರಿಯಾಗಿ, ಬಸ್ ದಾಟಿಕೊಂಡು ಹೋಗಿ ಗೋಪಾಲಪ್ಪನ ಟ್ರ್ಯಾಕ್ಟರ್ ಹತ್ತಿದ. ಟ್ರ್ಯಾಕ್ಟರು ಹೊಗೆ ಬಿಟ್ಟು ಹೊರಟೇಹೋಯಿತು.

ಕೋಚು ಕಾಗದ ಮಡಿಸಿ ಜೇಬಿಗೆ ತುರುಕಿದರು. ಮ್ಯಾಚು ಮುಗಿದ ಮೇಲೆ ಕೆಂಪರಾಜನನ್ನು ಬೇರೆ ಗಾಡಿಯಲ್ಲಿ ಕರೆದುಕೊಂಡು ಹೋದರೆ ಅದು ಆಸ್ಪತ್ರೆಗೇ ಎಂದು ಅವರು ಒಂಬತ್ತು ವರ್ಷದಿಂದ ಬಲ್ಲರು. ನೋವು ಮುಚ್ಚಿಟ್ಟು ನಗುತ್ತಾ ನಡೆದುಬಿಟ್ಟ, ಈಗ ಎಲ್ಲೋ ಮೂಳೆ ಕಟ್ಟುವವರ ಹತ್ತಿರ ಹೋಗುತ್ತಿದ್ದಾನೆ ಎಂದು ಬಸ್ಸನ್ನು ಟ್ರ್ಯಾಕ್ಟರಿನ ಹಿಂದೆ ಬಿಡಿಸಿದರು. ದಾರಿಯುದ್ದಕ್ಕೂ ಬಿಂದುಶ್ರೀಯನ್ನು, ಯಾವ ಕಾಲಿರಬಹುದು, ಯಾವ ಕಾಲಿರಬಹುದು ಎಂದು ಕೇಳಿ ಕೇಳಿ ಅವಳ ತಲೆ ತಿಂದರು.

ಊರಿಗೆ ಬಂದು ಹಿತ್ತಲಿಗೆ ನುಗ್ಗಿದರೆ, ಕೆಂಪರಾಜ ಬರಿಗಾಲಲ್ಲಿ ತಟ್ಟೆಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಹೊಂಬಣ್ಣದ ಹುಳುಗಳನ್ನು ಆರಿಸುತ್ತಿದ್ದ. ಸುತ್ತ ಊರಿನ ಹೆಂಗಸರೆಲ್ಲ ಅದೇ ಕೆಲಸದಲ್ಲಿದ್ದರು. ಅರ್ಧ ತಟ್ಟೆಗಳು ಇನ್ನೂ ಬಾಕಿ ಇದ್ದವು. ಕೋಚು ಹೊಸ್ತಿಲ ಮೇಲೆ ಕಾಲಿಡುವಷ್ಟರಲ್ಲಿ ಅಮ್ಮಯಮ್ಮ ಅಡ್ಡ ನಿಂತಳು.

"ಏನಪ್ಪಾ, ಶೂ ಹಾಕ್ಕೊಂಡೇ ಬರ್ತೀಯಲ್ಲ. ಬಿಚ್ಚು. ಕಾಲ್ ತೊಳ್ಕೊ. ಬಂದಿರೋದು ಎಷ್ಟು ಜನ?"

ಹದಿನಾರು ಜನ ಎಂದರು ಗೋವಿಂದರಾಜು. ದೇವರೇ ಕಳಿಸಿದ ಎಂದು ಅಜ್ಜಿ ಬಸ್ಸಿನವರನ್ನೆಲ್ಲ ಒಳಗೆ ಕರೆದಳು. ಕಾಗದದ ವಿಷಯ ಹೇಳಲು ಕೋಚು ಎರಡು ಸಲ ಬಾಯಿ ತೆರೆದರು. ಎರಡು ಸಲವೂ ಅಜ್ಜಿ ಅವರ ಕೈಗೆ ಒಂದೊಂದು ಹುಳು ಇಟ್ಟಳು. ಹಲಸೂರು ರೋವರ್ಸಿನ ಇಡೀ ತಂಡ ಒಂಟಿ ಕಾಲಲ್ಲಿ ನಿಂತು ಹುಳು ಆರಿಸಿತು. ಕೆಂಪರಾಜ ಹೇಗೆ ನಿಲ್ಲಬೇಕು ಎಂದು ಒಬ್ಬೊಬ್ಬರಿಗೂ ತೋರಿಸಿದ. ಗೋಲ್‌ಕೀಪರ್ ಒಬ್ಬನೇ ಎಂಟು ಹುಳು ಬೀಳಿಸಿದ, ಎಂಟನ್ನೂ ನೆಲ ಮುಟ್ಟುವ ಮುಂಚೆ ಹಿಡಿದ.

ಮೂರು ಗಂಟೆಗೆ ಕೊನೆಯ ಹುಳು ಚಂದ್ರಿಕೆ ಸೇರಿತು. ಆಗ ಗೋವಿಂದರಾಜು ಖಾಲಿ ತಟ್ಟೆಯೊಂದನ್ನು ಬೋರಲು ಹಾಕಿ, ಕಾಗದ ಹರಡಿ, ಜೇಬಿನ ಪೆನ್ನು ಕೊಟ್ಟರು. ಕೆಂಪರಾಜನ ಕೈಯಲ್ಲಿ ರೇಷ್ಮೆ ಎಳೆ ಅಂಟಿಕೊಂಡು ಸಹಿಯ ಜೊತೆ ಅದೂ ಕಾಗದಕ್ಕೆ ಮೆತ್ತಿತು.

ಎಷ್ಟು ದಿನಕ್ಕೆ ಎಂದು ಅಜ್ಜಿ ಕೇಳಿದಳು. ಒಂದು ವರ್ಷಕ್ಕೆ ಎಂದರು ಕೋಚು. ಬಸ್ ಹತ್ತಲಿಲ್ಲ, ಆದರೂ ಕೊಟ್ಟಿದ್ದೀನಿ ಎಂದೂ ಸೇರಿಸಿದರು.

"ವರ್ಸಕ್ಕೆ ಹತ್ತು ಬೆಳೆ ಆಗ್ತದೆ," ಎಂದಳು ಅಮ್ಮಯಮ್ಮ. "ಸಾಕು ಬಿಡಪ್ಪಾ. ಮುಂದಿನ್ದು ಆಮ್ಯಾಲೆ ನೋಡನ."

ಕೆಂಪರಾಜ ಚಂದ್ರಿಕೆಯ ಹತ್ತಿರ ಹೋಗಿ ಬಗ್ಗಿ ನೋಡಿದ. ಬೆಳಗ್ಗೆ ಆರು ಗಂಟೆಗೆ ಗಾಳಿಯಲ್ಲಿ ತಲೆ ಆಡಿಸುತ್ತಿದ್ದ ಹುಳು ಆಗಲೇ ತನ್ನ ಸುತ್ತ ತೆಳ್ಳನೆ ಪರದೆ ಎಳೆದುಕೊಂಡಿತ್ತು. ಅದೇ ಹುಳುವೇ ಎಂದು ಹೇಗೆ ಗೊತ್ತು ಎಂದು ಕೇಳಬೇಡಿ, ಅವನಿಗೆ ಗೊತ್ತಿತ್ತು.

ಕಾಫಿ ಕುಡಿದು ಹೊರಡುವಾಗ ಗೋವಿಂದರಾಜು ಬಾಗಿಲಲ್ಲಿ ಅತ್ತ ಇತ್ತ ನೋಡಿದರು. ತಮ್ಮ ಶೂ ಕಾಣಲಿಲ್ಲ. ಹುಡುಗರದೂ ಕಾಣಲಿಲ್ಲ. ಅಜ್ಜಿ ಹೆಮ್ಮೆಯಿಂದ ಡ್ರಮ್ಮಿನ ಮುಚ್ಚಳ ತೆಗೆದಳು. ಎಲ್ಲ ಮುಳುಗಿಸಿದೀನಿ, ನಾಳಿದ್ದು ಬಂದರೆ ಹಾಲಿನಂಗೆ ಬೆಳ್ಳಗಾಗಿರ್ತವೆ ಎಂದಳು. ಕೆಂಪರಾಜ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದ. ಹದಿನಾರು ಜನ ಬರಿಗಾಲಲ್ಲಿ ಜಲ್ಲಿ ರಸ್ತೆಯ ಮೇಲೆ ಬಸ್ಸಿನ ಕಡೆಗೆ ಹೊರಟರು. ಇಡುವ ಮುಂಚೆ ನೋಡುತ್ತಾ, ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿಯುತ್ತಾ, ಒಬ್ಬರ ಹಿಂದೆ ಒಬ್ಬರು.